ಮಾಸ್ಕಿನ ಮೇಲಿನ ನಂಬರು ಮತ್ತು ಮುದ್ರೆ

(ವಾಚನಾಲಯದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ನಾನು ವೈದ್ಯನಲ್ಲ, ವಿಜ್ಞಾನಿಯೂ ಅಲ್ಲ. ಮೆಟ್ರಿಕ್ಕಿನವರೆಗೆ ಓದಿ, ಗಿರಣಿಯೊಂದರಲ್ಲಿ ಹಾಜರಿ ಪುಸ್ತಕ, ಕೂಲಿ ಪಟ್ಟಿ, ಸ್ಟೋರಿನ ಲೆಕ್ಕ ಬರೆಯುವ ಗುಮಾಸ್ತ. ಇಂಥವನು ಮಾಸ್ಕಿನ ವಿಷಯ ಮಾತಾಡುವುದೇಕೆ ಎಂದು ತಾವು ಕೇಳಬಹುದು. ಸ್ಟೋರಿಗೆ ಬಂದ ಪ್ರತಿಯೊಂದು ಪೆಟ್ಟಿಗೆಯ ಮೇಲೆ ಏನು ಅಚ್ಚಾಗಿದೆ ಎಂದು ಓದಿ ಪುಸ್ತಕಕ್ಕೆ ಏರಿಸುವುದು ನನ್ನ ಕೆಲಸ. ಓದುತ್ತ ಓದುತ್ತ, ಈ ಅಕ್ಷರಗಳಿಗೆ ಅರ್ಥವೇನು ಎಂದು ತಿಳಿಯುವ ಹಟ ಹುಟ್ಟಿತು. ತಿಳಿದಷ್ಟನ್ನು ತಮ್ಮ ಮುಂದೆ ಇಡುತ್ತೇನೆ.

ಕಳೆದ ತಿಂಗಳು ಇದೇ ಮೇಜಿನ ಬಳಿ, ರಾಯಚೂರಿನ ಕಡೆಯಿಂದ ಬಂದು ಇಲ್ಲಿ ಕಟ್ಟಡದ ಕೆಲಸ ಮಾಡುವ ಅಣ್ಣನೊಬ್ಬರು ಎರಡು ಮಾಸ್ಕು ತಂದು ಮುಂದಿಟ್ಟರು. "ಗುಮಾಸ್ತರ, ಇದರ ಡಬ್ಬಿ ಮ್ಯಾಲ 98 ಅಂತ ಐತಿ, ಇದರ ಮ್ಯಾಲ 95 ಅಂತ ಐತಿ. 98ರದ್ದು ನಾಕು ರೂಪಾಯಿ, 95ರದ್ದು ನಲವತ್ತು. ಹೆಚ್ಚಿನ ನಂಬರಿಂದು ಅಗ್ಗ ಹ್ಯಾಂಗ್ರೀ?" ಎಂದರು. ಸುತ್ತ ಕುಳಿತವರು ನಕ್ಕರು. ಆದರೆ ಪ್ರಶ್ನೆ ನಗುವಂಥದ್ದಲ್ಲ. ಈ ವಿಷಯದ ಬೀಗದ ಕೈ ಇರುವುದೇ ಅಲ್ಲಿ.

ನಮ್ಮಲ್ಲಿ ಗಿರಣಿಯ ಕೆಲಸ ಬಲ್ಲವರು ಅನೇಕರಿದ್ದಾರೆ. ಹತ್ತಿಯ ನೂಲಿನಲ್ಲಿ 60ರ ನೂಲು 40ರ ನೂಲಿಗಿಂತ ನಯ. ನಂಬರು ಏರಿದಷ್ಟೂ ಎಳೆ ಸಣ್ಣ. ಅದೇ ರೇಷ್ಮೆಗೆ ಬಂದರೆ ಡೆನಿಯರಿನ ಲೆಕ್ಕ. ಅಲ್ಲಿ ನಂಬರು ಏರಿದಷ್ಟೂ ಎಳೆ ದಪ್ಪ. ಸೆಣಬಿನಲ್ಲಿಯೂ ಹಾಗೆಯೇ, ಪೌಂಡು ಏರಿದರೆ ಹುರಿ ಒರಟು. ಹತ್ತಿಯಲ್ಲಿ ಒಂದು ಪೌಂಡಿಗೆ 840 ಗಜದ ಎಷ್ಟು ಲಡಿ ಬರುತ್ತವೆ ಎಂದು ಎಣಿಸುತ್ತಾರೆ, ರೇಷ್ಮೆಯಲ್ಲಿ 9000 ಮೀಟರು ಎಳೆ ಎಷ್ಟು ಗ್ರಾಂ ತೂಗುತ್ತದೆ ಎಂದು ನೋಡುತ್ತಾರೆ. ಅಳತೆ ಯಾವುದೆಂದು ತಿಳಿಯದೆ ಬರಿಯ ನಂಬರನ್ನು ಹೋಲಿಸಿದವನು ಮಾಲು ಕೊಳ್ಳುವಾಗ ಮೋಸಹೋಗುತ್ತಾನೆ. ಮಾಸ್ಕಿನ 98 ಮತ್ತು 95 ಇಂಥವೇ ಬೇರೆ ಬೇರೆ ಅಳತೆಯ ನಂಬರುಗಳು.

98 ಎಂದು ಬರೆದದ್ದು ಸಾಮಾನ್ಯವಾಗಿ ಸರ್ಜಿಕಲ್ ಮಾಸ್ಕು. ವೈದ್ಯರು ಆಪರೇಷನ್ ಮಾಡುವಾಗ ತಮ್ಮ ಬಾಯಿಯ ಎಂಜಲ ಹನಿ ರೋಗಿಯ ಗಾಯದ ಮೇಲೆ ಬೀಳದಿರಲೆಂದು ಕಟ್ಟಿಕೊಳ್ಳುವ ಮೂರು ಪದರದ, ಮಡಿಕೆಯ ಮಾಸ್ಕು. ಅದನ್ನು ಪರೀಕ್ಷೆ ಮಾಡುವುದು ರೋಗಾಣು ತುಂಬಿದ ನೀರಹನಿಗಳಿಂದ. ಹನಿಯ ಗಾತ್ರ ಸುಮಾರು 3 ಮೈಕ್ರಾನ್. ಮೈಕ್ರಾನ್ ಎಂದರೆ ಮಿಲಿಮೀಟರಿನಲ್ಲಿ ಸಾವಿರದ ಒಂದು ಪಾಲು. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ ಎಂದರೆ ಅಂದಾಜು ಸಿಗುತ್ತದೆ. ಈ ಪರೀಕ್ಷೆಯಲ್ಲಿ ಗಾಳಿಯನ್ನು ನಿಮಿಷಕ್ಕೆ 28.3 ಲೀಟರಿನಂತೆ ಹಾಯಿಸುತ್ತಾರೆ. ನೂರರಲ್ಲಿ 98 ಪಾಲು ರೋಗಾಣು ತಡೆದರೆ 98 ಎಂಬ ನಂಬರು.

95ರದ್ದು ಅಂದರೆ ಎನ್ 95, ಅದರ ಪರೀಕ್ಷೆ ಬೇರೆ. ಅಲ್ಲಿ ಹನಿ ಇಲ್ಲ, ಉಪ್ಪಿನ ಅತಿ ಸೂಕ್ಷ್ಮ ಕಣ. ಗಾತ್ರ ಸುಮಾರು 0.3 ಮೈಕ್ರಾನ್, ಎಂದರೆ ಮೊದಲಿನದರ ಹತ್ತರಲ್ಲಿ ಒಂದು. ಗಾಳಿಯನ್ನು ಹಾಯಿಸುವುದು ನಿಮಿಷಕ್ಕೆ 85 ಲೀಟರಿನಂತೆ. ಮೂಟೆ ಹೊತ್ತು ಮೆಟ್ಟಿಲೇರುವವನು ಎಳೆಯುವ ಉಸಿರಿನಂತೆ ಎಂದಿಟ್ಟುಕೊಳ್ಳಿ. ಇಷ್ಟು ಕಠಿಣ ಪರೀಕ್ಷೆಯಲ್ಲಿ ನೂರಕ್ಕೆ 95 ಕಣ ತಡೆದರೆ ಪಾಸು. ನಾಲ್ಕನೆಯ ತರಗತಿಯ ಲೆಕ್ಕದಲ್ಲಿ 98 ತೆಗೆದವನಿಗೂ ಮೆಟ್ರಿಕ್ಕಿನ ಲೆಕ್ಕದಲ್ಲಿ 95 ತೆಗೆದವನಿಗೂ ಇರುವ ಅಂತರ ಇದು. ಅಣ್ಣನವರ ನಲವತ್ತು ರೂಪಾಯಿಗೆ ಕಾರಣ ಸಿಕ್ಕಿತು. ಅದು ನಿಜವಾದ ಎನ್ 95 ಆಗಿದ್ದರೆ ಎಂಬ ಮಾತು ಮಾತ್ರ ಬಾಕಿ. ಅದಕ್ಕೆ ಆಮೇಲೆ ಬರುತ್ತೇನೆ.

0.3 ಮೈಕ್ರಾನನ್ನೇ ಏಕೆ ಆರಿಸಿದರು? ಇದಕ್ಕಿಂತ ಸಣ್ಣ ಕಣವಾದರೆ ಇನ್ನೂ ಸುಲಭವಾಗಿ ನುಸುಳುವುದಿಲ್ಲವೇ ಎಂದು ನನಗೂ ಅನ್ನಿಸಿತ್ತು. ಮಾಸ್ಕನ್ನು ಹಿಟ್ಟಿನ ಜರಡಿ ಎಂದು ತಿಳಿದರೆ ಹಾಗೆಯೇ ಅನ್ನಿಸಬೇಕು. ಆದರೆ ಅದು ಜರಡಿಯಲ್ಲ; ಎಳೆಗಳು ಅಡ್ಡಾದಿಡ್ಡಿಯಾಗಿ ಬಿದ್ದಿರುವ ಒಂದು ಕಾಡು. ದೊಡ್ಡ ಕಣ ಆ ಕಾಡಿನಲ್ಲಿ ವೇಗದ ಲಾರಿಯಂತೆ ನುಗ್ಗುತ್ತದೆ. ಘಾಟಿ ರಸ್ತೆಯ ತಿರುವಿನಲ್ಲಿ ತಿರುಗಲಾರದೆ ಎಳೆಗೆ ಹೋಗಿ ಬಡಿಯುತ್ತದೆ. ತೀರ ಸಣ್ಣ ಕಣ ಜಾತ್ರೆಯಲ್ಲಿ ದಿಕ್ಕುತಪ್ಪಿದ ಮಗುವಿನಂತೆ. ಗಾಳಿಯ ಅಣುಗಳು ತಳ್ಳಿದ ಕಡೆಗೆಲ್ಲ ಅಲೆದು ಕೊನೆಗೆ ಯಾವುದೋ ಎಳೆಗೆ ತಗಲಿಕೊಳ್ಳುತ್ತದೆ. ಈ ಎರಡರ ನಡುವಿನದು, ಸುಮಾರು 0.3 ಮೈಕ್ರಾನಿನದು, ಗಾಳಿಯ ಜೊತೆಯಲ್ಲಿಯೇ ಜಾಣತನದಿಂದ ಬಳಸಿಕೊಂಡು ಹೋಗುತ್ತದೆ. ಹಿಡಿಯಲು ಕಷ್ಟವಾದ ಈ ಕಳ್ಳನನ್ನೇ ಪರೀಕ್ಷೆಗೆ ಕರೆಯುತ್ತಾರೆ. ಅವನನ್ನು ಹಿಡಿದ ಮಾಸ್ಕು ಉಳಿದವರನ್ನು ಇನ್ನೂ ಚೆನ್ನಾಗಿ ಹಿಡಿಯುತ್ತದೆ.

ಹಿಡಿಯುವ ಉಪಾಯದಲ್ಲಿ ವಿದ್ಯುತ್ತಿನ ಪಾಲೂ ಉಂಟು. ಒಳಗಿನ ಪದರ ಕರಗಿಸಿ ಊದಿದ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ನವಿರು ಎಳೆಗಳದು. ಅದಕ್ಕೆ ಸ್ಥಿರ ವಿದ್ಯುತ್ತು ತುಂಬಿರುತ್ತಾರೆ. ಒಣ ಕೂದಲಲ್ಲಿ ಬಾಚಿದ ಬಾಚಣಿಗೆ ಕಾಗದದ ಚೂರನ್ನು ಎಳೆದುಕೊಳ್ಳುವಂತೆ ಆ ಎಳೆಗಳು ಕಣವನ್ನು ಎಳೆದುಕೊಳ್ಳುತ್ತವೆ. ತೈವಾನಿನಲ್ಲಿ ಹುಟ್ಟಿ ಅಮೇರಿಕದ ಟೆನ್ನೆಸಿ ವಿಶ್ವವಿದ್ಯಾಲಯದಲ್ಲಿ ದುಡಿದ ಪೀಟರ್ ತ್ಸಾಯ್ ಎಂಬವರು 1990ರ ದಶಕದಲ್ಲಿ ಈ ವಿದ್ಯುತ್ತು ತುಂಬುವ ಕ್ರಮವನ್ನು ಬಹಳ ಸುಧಾರಿಸಿದರು. ಎಳೆಗಳನ್ನು ದಟ್ಟವಾಗಿ ಒತ್ತದೆಯೇ, ಉಸಿರು ಕಟ್ಟದೆಯೇ, ಕಣ ಹಿಡಿಯಲು ಸಾಧ್ಯವಾದುದು ಇದರಿಂದ. ಸಾಬೂನು ಹಾಕಿ ಒಗೆದರೆ, ಸ್ಪಿರಿಟ್ಟು ಸಿಂಪಡಿಸಿದರೆ ಆ ವಿದ್ಯುತ್ತು ಕಳೆದುಹೋಗುತ್ತದೆ. ನೋಡಲಿಕ್ಕೆ ಮಾಸ್ಕು ಶುಭ್ರವಾಗಿಯೇ ಇರುತ್ತದೆ, ಕೆಲಸ ಮಾತ್ರ ನಿಂತಿರುತ್ತದೆ.

ಈಗ ಹೆಸರುಗಳು. ಎನ್ 95 ಎಂಬುದು ಅಮೇರಿಕದ ಹೆಸರು. ಅಲ್ಲಿಯ 'ನಯಾಷ್' ಎಂಬ ಸರ್ಕಾರಿ ಸಂಸ್ಥೆ 1995ರಲ್ಲಿ ಜಾರಿಗೆ ತಂದ ನಿಯಮದಲ್ಲಿ ಮೂರು ಅಕ್ಷರ, ಮೂರು ಅಂಕಿಗಳಿವೆ. ಎನ್ ಎಂದರೆ ಎಣ್ಣೆಯ ಮಂಜನ್ನು ತಡೆಯದು, ಆರ್ ಎಂದರೆ ಸ್ವಲ್ಪ ಮಟ್ಟಿಗೆ ತಾಳುತ್ತದೆ, ಪಿ ಎಂದರೆ ಎಣ್ಣೆಗೆ ಜಗ್ಗುವುದಿಲ್ಲ. ಅಂಕಿಗಳು 95, 99 ಮತ್ತು 100, ನೂರೆಂದರೆ 99.97 ಎಂದು ಅರ್ಥ. ವಿಜಯವಾಡದ ಆಟೋನಗರದಲ್ಲಿ ಲಾರಿಗಳ ಬಾಡಿ ಕಟ್ಟುವ, ಗನ್ನಿನಿಂದ ಬಣ್ಣ ಹೊಡೆಯುವ ಸ್ನೇಹಿತರು ನಮ್ಮಲ್ಲಿದ್ದಾರೆ. ಯಂತ್ರದ ಎಣ್ಣೆ ಮಂಜಾಗಿ ಹಾರುವ ಕಡೆ ಎನ್ ಅಕ್ಷರದ ಮಾಸ್ಕು ತಕ್ಕುದಲ್ಲ ಎಂಬುದನ್ನು ಅವರು ನೆನಪಿಡಬೇಕು. ಬಣ್ಣದ ವಾಸನೆಯ ಸಂಗತಿಯೇ ಬೇರೆ, ಅದನ್ನು ಮುಂದೆ ಹೇಳುತ್ತೇನೆ.

ಯುರೋಪಿನವರದು ಎಫ್.ಎಫ್.ಪಿ. 1, 2, 3 ಎಂಬ ತರಗತಿ. ತಡೆಯುವ ಪಾಲು ಕ್ರಮವಾಗಿ 80, 94, 99. ಅವರು ಇನ್ನೊಂದು ಒಳ್ಳೆಯ ಕೆಲಸ ಮಾಡುತ್ತಾರೆ. ಹತ್ತು ಜನಕ್ಕೆ ಮಾಸ್ಕು ಹಾಕಿಸಿ, ನಡೆಸಿ, ತಲೆ ಅತ್ತಿತ್ತ ಆಡಿಸಿ, ಮಾತಾಡಿಸಿ, ಅಂಚಿನಿಂದ ಎಷ್ಟು ಸೋರುತ್ತದೆ ಎಂದು ಅಳೆಯುತ್ತಾರೆ. ಒಟ್ಟು ಸೋರಿಕೆ ಸರಾಸರಿಯಲ್ಲಿ ಮೊದಲನೆಯದಕ್ಕೆ ನೂರಕ್ಕೆ 22, ಎರಡನೆಯದಕ್ಕೆ 8, ಮೂರನೆಯದಕ್ಕೆ 2 ಮೀರಕೂಡದು. ಚೀನದವರದು ಕೆ.ಎನ್. 95, ಅದು ಎನ್ 95ಕ್ಕೆ ಬಹುಮಟ್ಟಿಗೆ ಸಮ, ಸಾಮಾನ್ಯವಾಗಿ ಕಿವಿಗೆ ಸಿಕ್ಕಿಸುವ ದಾರ ಇರುತ್ತದೆ.

ನಮ್ಮ ದೇಶದ್ದೇನು? ನಮ್ಮಲ್ಲಿಯೂ ಉಂಟು, ಬಹಳ ಜನರಿಗೆ ತಿಳಿಯದು. ದೂಳು, ಕಣ ತಡೆಯುವ ಮಾಸ್ಕಿಗೆ ಐ.ಎಸ್. 9473 ಎಂಬ ಭಾರತೀಯ ಮಾನಕವಿದೆ; ಅದರಲ್ಲಿಯೂ ಯುರೋಪಿನಂತೆ ಎಫ್.ಎಫ್.ಪಿ. 1, 2, 3 ಎಂದು ಮೂರು ತರಗತಿ. ಸರ್ಜಿಕಲ್ ಮಾಸ್ಕಿಗೆ ಐ.ಎಸ್. 16289, ಅದರಲ್ಲಿ ಒಂದು, ಎರಡು, ಮೂರು ಎಂಬ ವರ್ಗಗಳು. ಈ ಮಾನಕಗಳನ್ನು ಹೊರಡಿಸುವುದು 1947ರಲ್ಲಿ ಹುಟ್ಟಿದ ಇಂಡಿಯನ್ ಸ್ಟ್ಯಾಂಡರ್ಡ್ಸ್ ಇನ್‌ಸ್ಟಿಟ್ಯೂಷನ್ನಿನ ಉತ್ತರಾಧಿಕಾರಿಯಾದ ಬಿ.ಐ.ಎಸ್.; 1987ರಿಂದ ಅದಕ್ಕೆ ಈ ಹೆಸರು. ಸಂಸ್ಥೆಯ ಹೆಸರು ಬದಲಾದರೂ ಮುದ್ರೆ ಮಾತ್ರ ಐ.ಎಸ್.ಐ. ಎಂದೇ ಉಳಿದಿದೆ. ಮನೆಯ ಇಸ್ತ್ರಿ ಪೆಟ್ಟಿಗೆಯ ಮೇಲೆ, ಗ್ಯಾಸಿನ ಒಲೆಯ ಮೇಲೆ ನಾವೆಲ್ಲ ನೋಡಿರುವ ಮುದ್ರೆಯೇ ಇದು.

ಎನ್ 95 ಎಂಬ ಮಾತು ನಮ್ಮ ಬಾಯಲ್ಲಿ ಎಷ್ಟು ಕುಳಿತಿದೆ ಎಂದರೆ ಅಂಗಡಿಯವನು ಯಾವ ದೊನ್ನೆಯಾಕಾರದ ಮಾಸ್ಕನ್ನಾದರೂ ಎನ್ 95 ಎನ್ನುತ್ತಾನೆ. ಈ ಮುದ್ರೆಗಳನ್ನು ಓದುವ ಬಗೆಯನ್ನು ತುಸು ವಿವರವಾಗಿ ಹೇಳಬೇಕು. ಏಕೆಂದರೆ ನಮ್ಮಂಥವರ ಹಣ ಹೋಗುವುದು ಇಲ್ಲಿಯೇ.

ಐ.ಎಸ್.ಐ. ಮುದ್ರೆಯ ಮೇಲ್ಭಾಗದಲ್ಲಿ ಮಾನಕದ ನಂಬರು, ಎಂದರೆ 9473 ಎಂದಿರಬೇಕು. ಕೆಳಗೆ ಸಿ.ಎಂ./ಎಲ್. ಎಂಬ ಅಕ್ಷರಗಳ ಮುಂದೆ ಲೈಸೆನ್ಸ್ ನಂಬರು ಇರಬೇಕು. ಬರಿಯ ಮುದ್ರೆ ಇದ್ದು ನಂಬರು ಇಲ್ಲದಿದ್ದರೆ ಅದು ರುಜು ಇಲ್ಲದ ರಸೀದಿ. 'ಬಿ.ಐ.ಎಸ್. ಕೇರ್' ಎಂಬ ಆ್ಯಪನ್ನು ಫೋನಿಗೆ ಹಾಕಿಕೊಂಡು ಈ ಲೈಸೆನ್ಸ್ ನಂಬರನ್ನು ಕೊಟ್ಟರೆ, ಅದು ಯಾವ ಕಂಪನಿಗೆ, ಯಾವ ಮಾಲಿಗೆ ಕೊಟ್ಟದ್ದು, ಇನ್ನೂ ಚಾಲ್ತಿಯಲ್ಲಿದೆಯೇ ಎಂದು ತೋರಿಸುತ್ತದೆ. ಮಾಸ್ಕಿನ ಮೇಲೆ ಒಂದು ಕಂಪನಿಯ ಹೆಸರು, ಆ್ಯಪಿನಲ್ಲಿ ಇನ್ನೊಂದು ಬಂದರೆ ಅಂಗಡಿಯವನಿಗೆ ಹಿಂದಿರುಗಿಸಿ. ದೂರನ್ನೂ ಆ ಆ್ಯಪಿನಿಂದಲೇ ಕೊಡಬಹುದು. ಬಿ.ಐ.ಎಸ್.ನ ಶಾಖಾ ಕಚೇರಿ ವಿಶಾಖಪಟ್ಟಣದಲ್ಲಿಯೇ ಇದೆ. 1915 ಎಂಬ ಗ್ರಾಹಕ ಸಹಾಯವಾಣಿಯೂ ಉಂಟು.

ಅಮೇರಿಕದ ಒಪ್ಪಿಗೆ ಪಡೆದ ಮಾಸ್ಕಿನ ಮೇಲೆ ನಯಾಷ್ ಎಂಬ ಹೆಸರು, ತಯಾರಕರ ಹೆಸರು, ಟಿ.ಸಿ.-84ಎ ಎಂದು ಮೊದಲಾಗುವ ಒಪ್ಪಿಗೆಯ ನಂಬರು, ಮಾಡೆಲ್ ಅಥವಾ ಲಾಟ್ ನಂಬರು ಇರುತ್ತವೆ. ಭಾರತದ ಕೆಲವು ಕಂಪನಿಗಳೂ ಈ ಒಪ್ಪಿಗೆ ಪಡೆದಿವೆ. ಕಳ್ಳಮಾಲಿನ ಗುರುತುಗಳನ್ನು ಆ ದೇಶದವರೇ ಪಟ್ಟಿ ಮಾಡಿದ್ದಾರೆ: ನಯಾಷ್ ಎಂಬ ಇಂಗ್ಲಿಷ್ ಅಕ್ಷರಗಳೇ ತಪ್ಪು, ಮಾಸ್ಕಿನ ಮೇಲೆ ಒಪ್ಪಿಗೆಯ ನಂಬರಿಲ್ಲ, ತಲೆಯ ಹಿಂದೆ ಹೋಗುವ ಪಟ್ಟಿಯ ಬದಲು ಕಿವಿಯ ದಾರ, ಮೇಲೆ ಮಿಂಚು ಕಸೂತಿ, "ಮಕ್ಕಳಿಗೂ ಒಪ್ಪಿಗೆ" ಎಂಬ ಬರಹ. ಆ ಸಂಸ್ಥೆ ಮಕ್ಕಳ ಮಾಸ್ಕಿಗೆ ಒಪ್ಪಿಗೆ ಕೊಡುವುದೇ ಇಲ್ಲ! ಯುರೋಪಿನ ಸಿ.ಇ. ಮುದ್ರೆಯಾದರೆ, ಈ ಬಗೆಯ ಮಾಸ್ಕಿನ ಮೇಲೆ ಆ ಎರಡು ಅಕ್ಷರದ ಪಕ್ಕದಲ್ಲಿ ಪರೀಕ್ಷಕ ಸಂಸ್ಥೆಯ ನಾಲ್ಕಂಕಿಯ ನಂಬರು ಇರಲೇಬೇಕು. ಎನ್.ಆರ್. ಎಂದಿದ್ದರೆ ಒಂದೇ ಪಾಳಿಗೆ ಎಂದು ಅರ್ಥ.

ಮುದ್ರೆಯಂತೆ ಕಾಣುವ, ಆದರೆ ಮುದ್ರೆಯಲ್ಲದ ಮಾತುಗಳೂ ಇವೆ. 'ಐ.ಎಸ್.ಒ. 9001' ಎಂದು ದಪ್ಪ ಅಕ್ಷರದಲ್ಲಿ ಹಾಕಿರುತ್ತಾರೆ. ಅದು ಕಾರ್ಖಾನೆಯ ಆಡಳಿತ ವ್ಯವಸ್ಥೆಗೆ ಕೊಡುವ ಪತ್ರ, ಮಾಸ್ಕನ್ನು ಯಾರೂ ಪರೀಕ್ಷಿಸಿದ ಪತ್ರವಲ್ಲ. 'ಎಫ್.ಡಿ.ಎ. ರಿಜಿಸ್ಟರ್ಡ್' ಎಂದರೆ ಅಮೇರಿಕದ ಕಚೇರಿಯ ಪುಸ್ತಕದಲ್ಲಿ ಹೆಸರು ಬರೆಸಿದ್ದೇನೆ ಎಂದಷ್ಟೇ ಅರ್ಥ, ಒಪ್ಪಿಗೆ ಎಂದಲ್ಲ. ನಮ್ಮ ಹಾಜರಿ ಪುಸ್ತಕದಲ್ಲಿ ಹೆಸರಿದ್ದ ಮಾತ್ರಕ್ಕೆ ಕೆಲಸ ಮಾಡಿದ ಹಾಗಾಯಿತೇ? 'ಆಂಟಿ ಪೊಲ್ಯೂಷನ್', 'ಪಿ.ಎಂ. 2.5', 'ಎನ್ 95 ಟೈಪ್' ಇವು ಯಾವ ಮಾನಕವೂ ಅಲ್ಲ; ಜಾಹೀರಾತಿನ ಮಾತು.

ನಂಬರಿನ ಮಹಿಮೆಯನ್ನು ಇಷ್ಟು ಹೇಳಿದ ಮೇಲೆ, ಮುಖಕ್ಕೆ ಸರಿಯಾಗಿ ಕೂರದ ಎಫ್.ಎಫ್.ಪಿ. 3 ಒಂದು ಕಾಸಿಗೂ ಬಾರದು ಎಂಬುದನ್ನೂ ಹೇಳಬೇಕು. ಗಾಳಿ ಸೋಮಾರಿ, ಸುಲಭದ ದಾರಿ ಎಲ್ಲಿದೆಯೋ ಅಲ್ಲಿಂದಲೇ ಬರುತ್ತದೆ. ಮೂಗಿನ ಪಕ್ಕ ಸಂದಿದ್ದರೆ ಫಿಲ್ಟರಿನ ಮೂಲಕ ಏಕೆ ಬಂದೀತು? ಮಾಸ್ಕು ಹಾಕಿ, ಮೂಗಿನ ಮೇಲಿನ ತಗಡನ್ನು ಎರಡೂ ಕೈಬೆರಳಿನಿಂದ ಒತ್ತಿ, ಎರಡು ಅಂಗೈಗಳನ್ನು ಮಾಸ್ಕಿನ ಮೇಲಿಟ್ಟು ಜೋರಾಗಿ ಉಸಿರು ಬಿಡಿ. ಕಣ್ಣಿಗೆ ಗಾಳಿ ಬಡಿದರೆ, ಕನ್ನಡಕ ಮಂಜಾದರೆ, ಮೇಲಿನ ಅಂಚು ಸೋರುತ್ತಿದೆ. ಉಸಿರು ಎಳೆದಾಗ ಮಾಸ್ಕು ಮುಖದತ್ತ ತುಸು ಕುಗ್ಗಬೇಕು. ಗಡ್ಡದ ಕೂದಲು ಅಂಚಿನ ಕೆಳಗೆ ಬಂದರೂ ಸೋರಿಕೆಯೇ. ಗಡ್ಡವನ್ನು ಧರ್ಮಕ್ಕಾಗಿ ಬಿಟ್ಟವರುಂಟು, ಚೆಂದಕ್ಕಾಗಿ ಬಿಟ್ಟವರುಂಟು. ಇಬ್ಬರ ಗಡ್ಡವೂ ದೂಳಿಗೆ ಒಂದೇ. ಗಡ್ಡ ತೆಗೆಯಲಾಗದವರಿಗೆ ಬ್ಯಾಟರಿಯ ಫ್ಯಾನಿನಿಂದ ಶುದ್ಧ ಗಾಳಿ ಒದಗಿಸುವ ಸಡಿಲ ಟೋಪಿಯ ಸಲಕರಣೆ ಬೇಕು. ಅದಕ್ಕೆ ಬೆಲೆ ಹೆಚ್ಚು, ಕೆಲಸ ಕೊಡುವವರೇ ಒದಗಿಸಬೇಕು.

ಮಾಸ್ಕಿನ ಕಥೆ ಇಂದಿನದಲ್ಲ. ಸಿಂಧೂರದ ಕಲ್ಲನ್ನು ಪುಡಿಮಾಡುವವರು ಪ್ರಾಣಿಯ ಮೂತ್ರಕೋಶದ ಚರ್ಮವನ್ನು ಮುಖಕ್ಕೆ ಕಟ್ಟುತ್ತಿದ್ದರೆಂದು ರೋಮಿನ ಪ್ಲಿನಿ ಎರಡು ಸಾವಿರ ವರ್ಷಗಳ ಹಿಂದೆಯೇ ಬರೆದಿದ್ದಾನೆ. 1910ರ ಚಳಿಗಾಲದಲ್ಲಿ ಮಂಚೂರಿಯದಲ್ಲಿ ಶ್ವಾಸಕೋಶದ ಪ್ಲೇಗು ಹಬ್ಬಿದಾಗ, ಪೆನಾಂಗಿನಲ್ಲಿ ಹುಟ್ಟಿದ ಡಾ. ವು ಲಿಯೆನ್-ತೆ ಎಂಬವರು ಗಾಜ್ ಬಟ್ಟೆಯ ನಡುವೆ ಹತ್ತಿ ಇಟ್ಟ ಮಾಸ್ಕನ್ನು ಎಲ್ಲರಿಗೂ ಹಾಕಿಸಿದರು. ರೋಗ ಗಾಳಿಯಿಂದ ಹರಡುತ್ತದೆ ಎಂಬ ಮಾತನ್ನು ನಂಬದ ಫ್ರೆಂಚ್ ವೈದ್ಯ ಮೆನಿ ಎಂಬವರು ಮಾಸ್ಕಿಲ್ಲದೆ ರೋಗಿಗಳ ಬಳಿಗೆ ಹೋದರು. 1911ರ ಜನವರಿಯಲ್ಲಿ ಅದೇ ಪ್ಲೇಗಿನಿಂದ ತೀರಿಕೊಂಡರು. ಇನ್ನು ನಮ್ಮ ನಾಡಿನ ಕೋಲಾರದ ಚಿನ್ನದ ಗಣಿಯನ್ನು ನೆನೆಯಿರಿ. 2001ರಲ್ಲಿ ಗಣಿ ಮುಚ್ಚಿತು. ಆದರೆ ಕಲ್ಲಿನ ದೂಳು ಕುಡಿದು ಸಿಲಿಕೋಸಿಸ್ ಹಿಡಿದವರ ಎದೆಯೊಳಗೆ ಅದು ಮುಚ್ಚಲಿಲ್ಲ. ಆ ರೋಗ ಬಂದ ಮೇಲೆ ವಾಸಿಮಾಡುವ ಔಷಧಿ ಇಂದಿಗೂ ಇಲ್ಲ. ಕಲ್ಲು ಕ್ರಷರಿನಲ್ಲಿ, ಟೈಲ್ಸ್ ಕೊಯ್ಯುವಲ್ಲಿ, ಗೋಡೆ ಕೊರೆಯುವಲ್ಲಿ ಕೆಲಸ ಮಾಡುವವರಿಗೆ ಟವೆಲ್ಲು ಸಾಲದು. ಕಣ್ಣಿಗೆ ಕಾಣುವ ದೂಳನ್ನು ಟವೆಲ್ಲು ತಡೆದೀತು. ಕೊಲ್ಲುವುದು ಕಾಣದಿರುವ ದೂಳು. ಹತ್ತಿಯ ಗಿರಣಿಯಲ್ಲಿ ರಜೆ ಮುಗಿದ ಸೋಮವಾರ ಎದೆ ಬಿಗಿಯುವುದು, ಮಂಗಳವಾರ ಹಗುರಾಗುವುದು ಕೆಲವರಿಗೆ ಗೊತ್ತು. ಅದು ನೆಗಡಿಯಲ್ಲ, ಬಿಸಿನೋಸಿಸ್ ಎಂಬ ಹತ್ತಿದೂಳಿನ ರೋಗದ ಮೊದಲ ಗುರುತಾಗಿರಬಹುದು. ವೈದ್ಯರಿಗೆ ಸೋಮವಾರದ ಮಾತನ್ನು ಮರೆಯದೆ ಹೇಳಬೇಕು.

ಮಾಸ್ಕು ಏನನ್ನು ಮಾಡಲಾರದು ಎಂಬುದು ಈ ಊರಿನವರಾದ ನಮಗೆ ತಿಳಿದಿರಲೇಬೇಕು. 2020ರ ಮೇ 7ರಂದು ಬೆಳಗಿನ ಜಾವ, ಇಲ್ಲಿಯ ಗೋಪಾಲಪಟ್ಟಣದ ಬಳಿ ಆರ್.ಆರ್. ವೆಂಕಟಾಪುರದ ಎಲ್.ಜಿ. ಪಾಲಿಮರ್ಸ್ ಕಾರ್ಖಾನೆಯ ಟ್ಯಾಂಕಿನಿಂದ ಸ್ಟೈರೀನ್ ಆವಿ ಸೋರಿತು. ಮಲಗಿದ್ದವರು ಎದ್ದು ಓಡಿದರು, ಓಡುತ್ತ ಬಿದ್ದರು. 12 ಜನ ಸತ್ತರು, ನೂರಾರು ಜನ ಆಸ್ಪತ್ರೆ ಸೇರಿದರು. ಅದು ಕೊರೋನದ ಕಾಲ. ಬಹುಪಾಲು ಮನೆಗಳಲ್ಲಿ ಮಾಸ್ಕು ಇತ್ತು. ಆದರೆ ಎನ್ 95 ಆಗಲಿ ಎಫ್.ಎಫ್.ಪಿ. 3 ಆಗಲಿ ಆವಿಯನ್ನು ತಡೆಯುವುದಿಲ್ಲ. ಆವಿ ಎಂದರೆ ಕಣವಲ್ಲ, ಬಿಡಿ ಬಿಡಿ ಅಣು; ಎಳೆಗಳ ನಡುವೆ ಗಾಳಿಯಂತೆಯೇ ಹಾದುಹೋಗುತ್ತದೆ. ಅದನ್ನು ಹೀರುವುದು ವಿಶೇಷವಾಗಿ ತಯಾರಿಸಿದ ಇದ್ದಿಲು. ಆ ಇದ್ದಿಲಿನ ಡಬ್ಬಿಗಳಿಗೆ ಯುರೋಪಿನವರು ಬಣ್ಣದ ಪಟ್ಟಿ ಇಟ್ಟಿದ್ದಾರೆ: ಬಣ್ಣ, ತಿನ್ನರು, ಸ್ಟೈರೀನಿನಂಥ ಸಾವಯವ ಆವಿಗೆ ಕಂದು, ಕ್ಲೋರಿನ್ನಿನಂಥದಕ್ಕೆ ಬೂದು, ಗಂಧಕದ ಹೊಗೆಯಂಥ ಆಮ್ಲದ ಗಾಳಿಗೆ ಹಳದಿ, ಅಮೋನಿಯಕ್ಕೆ ಹಸುರು, ದೂಳಿಗೆ ಬಿಳಿ. ಆಟೋನಗರದಲ್ಲಿ ಬಣ್ಣ ಹೊಡೆಯುವವರಿಗೆ ಬೇಕಾದುದು ಕಂದು ಮತ್ತು ಬಿಳಿ ಎರಡೂ ಇರುವ ಡಬ್ಬಿ. ಮೀನು ಮತ್ತು ಸೀಗಡಿಯ ಶೀತಾಗಾರಗಳಲ್ಲಿ ಅಮೋನಿಯ ಬಳಸುವ ಕಡೆ ಹಸುರು. ಇವೂ ಕೂಡ ಅಲ್ಪಸ್ವಲ್ಪ ಆವಿಗೆ, ಸ್ವಲ್ಪ ಹೊತ್ತಿಗೆ. ದೊಡ್ಡ ಸೋರಿಕೆಯಾದರೆ ಗಾಳಿ ಬೀಸುವ ದಿಕ್ಕಿಗೆ ಅಡ್ಡಲಾಗಿ ದೂರ ಹೋಗುವುದೊಂದೇ ದಾರಿ.

ಇನ್ನೊಂದು ಮಾತನ್ನು ದನಿ ಎತ್ತಿ ಹೇಳಬೇಕು. ಮ್ಯಾನ್‌ಹೋಲ್, ಸೆಪ್ಟಿಕ್ ಟ್ಯಾಂಕು, ಹಡಗಿನ ಮುಚ್ಚಿದ ಕೋಣೆ, ಇಂಥಲ್ಲಿ ಯಾವ ಫಿಲ್ಟರೂ ಪ್ರಾಣ ಉಳಿಸದು. ಗಾಳಿಯಲ್ಲಿ ನೂರಕ್ಕೆ ಸುಮಾರು 21 ಪಾಲು ಆಮ್ಲಜನಕ ಇರುತ್ತದೆ. 19.5ಕ್ಕಿಂತ ಇಳಿದರೆ ಕೊರತೆ ಎಂದು ಲೆಕ್ಕ. ಇಲ್ಲದ ಆಮ್ಲಜನಕವನ್ನು ಮಾಸ್ಕು ಎಲ್ಲಿಂದ ತಂದೀತು? ಮೇಸ್ತ್ರಿ "ಮಾಸ್ಕು ಹಾಕಿಕೊಂಡು ಇಳಿ" ಎಂದರೆ ಇಳಿಯಬೇಡಿ. ಒಳಗೆ ಬಿದ್ದವನನ್ನು ಎತ್ತಲು ಹೋದ ಎರಡನೆಯವನು, ಮೂರನೆಯವನು ಸತ್ತ ಸುದ್ದಿಯನ್ನು ಪತ್ರಿಕೆಯಲ್ಲಿ ಎಷ್ಟು ಬಾರಿ ಓದಿದ್ದೇವೆ!

ಈಗ ನನ್ನ ಕೆಲಸಕ್ಕೆ ಸೇರಿದ ಸಂಗತಿಗೆ ಬರುತ್ತೇನೆ, ಎಂದರೆ ಕೂಲಿ ಪಟ್ಟಿಗೆ. ಒಬ್ಬ ಗುತ್ತಿಗೆದಾರನ ಪಟ್ಟಿಯನ್ನು ನಾನು ನೋಡಿದ್ದೇನೆ. 'ಇತರೆ ಕಡಿತ' ಎಂಬ ಕಾಲಮ್ಮಿನಲ್ಲಿ ತಲೆಗೆ 60 ರೂಪಾಯಿ. ಏನೆಂದು ಕೇಳಿದರೆ ಮಾಸ್ಕು, ಕೈಗವಸು ಎಂಬ ಉತ್ತರ. ಕೊಟ್ಟ ಮಾಸ್ಕಾದರೋ ಒಂದೇ ಪದರದ ಬಟ್ಟೆ, ಯಾವ ನಂಬರೂ ಇಲ್ಲ. 1948ರ ಫ್ಯಾಕ್ಟರಿ ಕಾಯಿದೆಯ 114ನೆಯ ಕಲಮಿನಲ್ಲಿಯೇ, ಮಾಲಿಕನು ಒದಗಿಸಬೇಕಾದ ಸಲಕರಣೆಗೆ ಕೆಲಸಗಾರನಿಂದ ಹಣ ವಸೂಲು ಮಾಡಕೂಡದು ಎಂದಿತ್ತು. ಅದರ 14ನೆಯ ಕಲಮು ದೂಳನ್ನು ಹುಟ್ಟುವ ಜಾಗದಲ್ಲಿಯೇ ಹೀರಿ ಹೊರಹಾಕುವ ಏರ್ಪಾಡನ್ನು ಕೇಳಿತ್ತು. ಆ ಕಾಯಿದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ ಜಾರಿಗೆ ಬಂದ 2020ರ ಸುರಕ್ಷತಾ ಸಂಹಿತೆಯೂ, ಸುರಕ್ಷತೆ ಮತ್ತು ಆರೋಗ್ಯಕ್ಕಾಗಿ ಮಾಡಿದ ಯಾವುದಕ್ಕೂ ಕೆಲಸಗಾರನಿಂದ ಹಣ ತೆಗೆದುಕೊಳ್ಳಬಾರದೆಂದು ಹೇಳುತ್ತದೆ. ಆದುದರಿಂದ ತಮ್ಮ ಚೀಟಿಯಲ್ಲಿ ಇಂಥ ಕಡಿತ ಕಂಡರೆ ಅದನ್ನು ಜೋಪಾನವಾಗಿ ಇಟ್ಟುಕೊಂಡು ವಾಚನಾಲಯಕ್ಕೆ ತನ್ನಿ. ಅರ್ಜಿ ಬರೆಯುವುದು ನಮ್ಮಂಥವರಿಗೆ ಕಷ್ಟದ ಕೆಲಸವಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಮಾಸ್ಕು ಕಡೆಯ ಉಪಾಯ. ಮೊದಲು ದೂಳು ಹೀರುವ ಫ್ಯಾನು, ಕಲ್ಲು ಕೊಯ್ಯುವಾಗ ನೀರು, ಆಮೇಲೆ ಮಾಸ್ಕು. ಫ್ಯಾನು ಕೆಟ್ಟು ಆರು ತಿಂಗಳಾದರೂ ರಿಪೇರಿ ಮಾಡಿಸದೆ ಮಾಸ್ಕು ಹಂಚುವುದು ಸೋರುವ ಮಾಳಿಗೆಯ ಕೆಳಗೆ ಕೊಡೆ ಹಂಚಿದಂತೆ.

ಕೇಳುವುದು ಸುಲಭವಲ್ಲ ಎಂಬುದನ್ನೂ ಬಲ್ಲೆ. ನಮ್ಮ ಪಕ್ಕದ ನರಸೀಪಟ್ಟಣದ ಸರ್ಕಾರಿ ಆಸ್ಪತ್ರೆಯ ಅರಿವಳಿಕೆ ವೈದ್ಯ ಡಾ. ಸುಧಾಕರ್ ಅವರು 2020ರ ಏಪ್ರಿಲ್‌ನಲ್ಲಿ, ವೈದ್ಯರಿಗೆ ಸಾಕಷ್ಟು ಎನ್ 95 ಮಾಸ್ಕುಗಳಿಲ್ಲ, ಒಂದನ್ನೇ 15 ದಿನ ಬಳಸಲು ಹೇಳುತ್ತಾರೆ ಎಂದು ಬಹಿರಂಗವಾಗಿ ಹೇಳಿದರು. ಅವರನ್ನು ಅಮಾನತು ಮಾಡಲಾಯಿತು. ಮೇ ತಿಂಗಳಲ್ಲಿ ವಿಶಾಖಪಟ್ಟಣದ ರಸ್ತೆಯಲ್ಲಿ ಪೊಲೀಸರು ಅವರನ್ನು ಹಿಡಿದ ದೃಶ್ಯವನ್ನು ದೇಶವೇ ನೋಡಿತು. ಹೈಕೋರ್ಟು ತನಿಖೆಯನ್ನು ಸಿ.ಬಿ.ಐ.ಗೆ ಒಪ್ಪಿಸಿತು. ಮರುವರ್ಷದ ಮೇ ತಿಂಗಳಲ್ಲಿ ಅವರು ತೀರಿಕೊಂಡರು. ಅವರು ಕೇಳಿದ್ದು ಮಾನಕಕ್ಕೆ ಒಪ್ಪುವ ಒಂದು ಮಾಸ್ಕು. ಒಬ್ಬ ವೈದ್ಯನಿಗೇ ಹೀಗಾದರೆ ಕೂಲಿಯವನ ಗತಿಯೇನು ಎಂದು ಕೇಳುವವರಿಗೆ ನನ್ನಲ್ಲಿ ಸಿದ್ಧ ಉತ್ತರವಿಲ್ಲ. ಒಬ್ಬೊಬ್ಬರಾಗಿ ಕೇಳುವುದಕ್ಕಿಂತ ಹತ್ತು ಜನ ಸೇರಿ, ಮಾನಕದ ನಂಬರನ್ನು ಬರೆದು, ಕಾಗದದ ಮೇಲೆ ಕೇಳುವುದು ಲೇಸು. "ಒಳ್ಳೆಯ ಮಾಸ್ಕು ಕೊಡಿ" ಎಂದರೆ ಜಾರಿಕೊಳ್ಳಬಹುದು, "ಐ.ಎಸ್. 9473, ಎಫ್.ಎಫ್.ಪಿ. 2, ಲೈಸೆನ್ಸ್ ನಂಬರಿನ ಸಹಿತ" ಎಂದು ಬರೆದರೆ ಜಾರುವುದು ಕಷ್ಟ.

ಭಾಷಣ ಮುಗಿದ ಮೇಲೆ ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಮೂರನ್ನು ಸಂಪಾದಕರ ಅಪ್ಪಣೆಯಂತೆ ಇಲ್ಲಿ ಸೇರಿಸಿದ್ದೇನೆ.

ಒಬ್ಬ ತಾಯಿ ಕೇಳಿದರು: ಉಸಿರು ಬಿಡಲು ಮುಂದೆ ಗುಂಡಿಯಂಥ ವಾಲ್ವ್ ಇರುವ ಮಾಸ್ಕು ಒಳ್ಳೆಯದೋ ಕೆಟ್ಟದೋ? ಉತ್ತರ: ದೂಳಿನ ಕೆಲಸಕ್ಕೆ ಒಳ್ಳೆಯದು, ಸೆಕೆ ಕಡಿಮೆ. ರೋಗ ಹರಡುವ ಕಾಲದಲ್ಲಿ ಒಳ್ಳೆಯದಲ್ಲ; ತಮ್ಮನ್ನು ಕಾಪಾಡುತ್ತದೆ, ತಮ್ಮ ಉಸಿರನ್ನು ಮಾತ್ರ ಸೋಸದೆ ಹೊರಗೆ ಬಿಡುತ್ತದೆ. ಕೇಂದ್ರದ ಆರೋಗ್ಯ ಇಲಾಖೆ 2020ರ ಜುಲೈನಲ್ಲಿ ರಾಜ್ಯಗಳಿಗೆ ಪತ್ರ ಬರೆದು ವಾಲ್ವ್ ಮಾಸ್ಕಿನ ವಿರುದ್ಧ ಎಚ್ಚರಿಸಿದ್ದು ಇದಕ್ಕಾಗಿಯೇ.

ಎರಡನೆಯದು: ಒಂದು ಮಾಸ್ಕನ್ನು ಎಷ್ಟು ದಿನ ಬಳಸಬಹುದು? ಕಲ್ಲುದೂಳಿನ ಕೆಲಸದಲ್ಲಿ ಉಸಿರೆಳೆಯಲು ಕಷ್ಟವಾದ ಕೂಡಲೆ, ಪಟ್ಟಿ ಸಡಿಲವಾದ ಕೂಡಲೆ, ಒದ್ದೆಯಾಗಿ ಆಕಾರ ಕೆಟ್ಟ ಕೂಡಲೆ ಬದಲಿಸಬೇಕು. ಎನ್.ಆರ್. ಎಂದಿದ್ದರೆ ಪಾಳಿ ಮುಗಿದ ಮೇಲೆ ಎಸೆಯಬೇಕು. ಮಾಸ್ಕಿನ ಬರಗಾಲವಿದ್ದ 2020ರಲ್ಲಿ, ರೋಗಾಣುವಿನ ಭಯವಿರುವ ಕಡೆ ಐದು ಮಾಸ್ಕುಗಳನ್ನು ಬೇರೆ ಬೇರೆ ಕಾಗದದ ಚೀಲದಲ್ಲಿಟ್ಟು ಸರದಿಯಲ್ಲಿ ಬಳಸುವ ಉಪಾಯವನ್ನು ಅಮೇರಿಕದವರು ಹೇಳಿದ್ದರು. ಪ್ಲಾಸ್ಟಿಕ್ ಚೀಲ ಬೇಡ, ಬೆವರು ಆರುವುದಿಲ್ಲ. ಒಗೆಯುವುದಂತೂ ಕೂಡದು.

ಮೂರನೆಯದನ್ನು ಬಂದರಿನಲ್ಲಿ ಕೆಲಸ ಮಾಡುವ ತಮ್ಮನೊಬ್ಬ ಕೇಳಿದ: "ಅಣ್ಣಾ, ನನ್ನ ಹತ್ತಿರ ದೊಡ್ಡ ಫೋನಿಲ್ಲ, ಲೈಸೆನ್ಸ್ ನಂಬರನ್ನು ಹೇಗೆ ನೋಡಲಿ?" ಭಾನುವಾರ ಸಂಜೆ ನಾಲ್ಕರಿಂದ ಆರರವರೆಗೆ ನಾನು ಈ ಮೇಜಿನ ಬಳಿ ಇರುತ್ತೇನೆ. ಮಾಸ್ಕನ್ನು ಮಾತ್ರ ತಂದರೆ ಸಾಲದು. ಅದು ಬಂದ ಡಬ್ಬಿಯನ್ನೂ, ಅಂಗಡಿಯ ರಸೀದಿಯನ್ನೂ ತನ್ನಿ. ನಂಬರು ಎಷ್ಟೋ ಬಾರಿ ಡಬ್ಬಿಯ ಮೇಲೆ ಮಾತ್ರ ಇರುತ್ತದೆ.